ಎಡಗಡೆಯಿಂದ ಬಂದ ತೂರೆ

ಆರ್ವಿಕಾದಲ್ಲಿ ತೂರೆ ಓಕರ್ಲಿಂಡನನ್ನು ಅರಿಯದವರು ಕಡಿಮೆ. ಬಾಳಿನ ಬಹುಭಾಗ ಅವನು ಊರಿನ ಬಸ್ಸು ಓಡಿಸಿದವನು. ಹಿಮ ಹೆಪ್ಪುಗಟ್ಟಿ ರಸ್ತೆ ಕನ್ನಡಿಯಂತಾದ ದಿನಗಳಲ್ಲೂ ಅವನ ಬಸ್ಸು ಹೊತ್ತು ತಪ್ಪುತ್ತಿರಲಿಲ್ಲ. ಏದುಸಿರು ಬಿಡುತ್ತ ಬರುವ ಅಜ್ಜಿಯರಿಗಾಗಿ ಮಾತ್ರ ಒಂದು ಗಳಿಗೆ ಕಾಯುತ್ತಿತ್ತು.

ಅವನಿಗೆ ಕಂಪ್ಯೂಟರ್ ಆಟದ ಹುಚ್ಚು ಹಿಡಿದದ್ದು ಮಗಳಿಂದ. ಆ ಕಾಲದಲ್ಲಿ ಮಕ್ಕಳು ವಾರದ ಕೊನೆಗೆ ಊರಿನ ಒಳಾಂಗಣ ಕ್ರೀಡಾಂಗಣದಲ್ಲಿ ಸೇರಿ, ತಂತಿಗಳನ್ನು ಜೋಡಿಸಿಕೊಂಡು ಆಡುತ್ತಿದ್ದರು. ಕಲ್ಲುಗುಂಡಿನಂತೆ ಭಾರವಾಗಿದ್ದ ಮಾನಿಟರುಗಳನ್ನು ರಜಾಯಿಯಲ್ಲಿ ಸುತ್ತಿ ಕಾರಿನಲ್ಲಿ ತರುವುದು ಅಪ್ಪಂದಿರ ಕೆಲಸ. ಒಮ್ಮೆ ಉಳಿದ ಅಪ್ಪಂದಿರು ಇಳಿಸಿ ಹೊರಟುಹೋದರು. ತೂರೆ ಒಂದು ಖಾಲಿ ಕುರ್ಚಿ ಎಳೆದುಕೊಂಡು ಕುಳಿತ.

"ಅಪ್ಪ, ನೀನಿನ್ನೂ ಹೋಗಿಲ್ವಾ?" ಎಂದು ಮಗಳು ನಾಚಿಕೆಯಿಂದ ಕೇಳಿದಳು.

"ಇದೊಂದು ಆಟ ಮುಗಿಸಿ ಹೊರಡ್ತೀನಿ ಕಣೆ" ಎಂದವನು ಭಾನುವಾರ ಸಂಜೆಯವರೆಗೆ ಅಲ್ಲಿಂದ ಕದಲಲಿಲ್ಲ.

ನಿವೃತ್ತನಾದ ಮೇಲೆ ಅವನೂ ಅವನ ಗೆಳೆಯ ಅರ್ವಿದನೂ ಸೇರಿ ಹಿರಿಯರದೇ ಒಂದು ಆಟದ ಸಂಘ ಕಟ್ಟಿದರು. ಅರ್ವಿದ್ ಅದರ ಅಧ್ಯಕ್ಷ. ಕಾಫಿ ಕಾಸುವವನೂ ಅವನೇ. ಗೋಡೆಗಳ ಮರೆಯಲ್ಲಿ ಅಡಗಿ ಎದುರಾಳಿಯನ್ನು ಗುಂಡಿಟ್ಟು ಬೀಳಿಸುವ ಆಟ ಅವರದು. ಚಳಿಗಾಲವೆಲ್ಲ ಪಂದ್ಯ: ಗುರುವಾರ ಕಂಪ್ಯೂಟರ್ ಹೊತ್ತು ತಂದು ಸಭಾಭವನದಲ್ಲಿ, ಉಳಿದ ದಿನ ಅವರವರ ಮನೆಯಿಂದ. ವಸಂತದಲ್ಲಿ ಸಭಾಭವನದಲ್ಲೇ ಅಂತಿಮ ಸ್ಪರ್ಧೆ. ವರ್ಷದಿಂದ ವರ್ಷಕ್ಕೆ ಮೊದಲ ಸ್ಥಾನ ತೂರೆಯದು. ಹೊಸಬರು ಅವನ ಹಿಂದೆ ನಿಂತು ಕಲಿಯುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಬೆನ್ನ ಹಿಂದೆ ನಿಲ್ಲುವ ಆ ಜನವೇ ಅವನ ಮನೆತುಂಬಿದ ಬಳಗವಾಗಿತ್ತು.

ಆಗ ಗುನ್ವೋರ್ ಬಂದಳು. ದಂತವೈದ್ಯರ ಬಳಿ ಸಹಾಯಕಿಯಾಗಿದ್ದು ನಿವೃತ್ತಳಾದವಳು. "ಈ ಊರಿನ ಅರ್ಧ ಬಾಯಿಗಳನ್ನ ನೋಡಿದೀನಿ. ಯಾರು ಹಲ್ಲುಜ್ಜಲ್ಲ ಅಂತ ಗೊತ್ತು" ಎಂದು ನಗಿಸುತ್ತಿದ್ದಳು. ಹಲ್ಲುಜ್ಜದವರ ಹೆಸರನ್ನು ಮಾತ್ರ ಸತ್ತರೂ ಹೇಳುತ್ತಿರಲಿಲ್ಲ. ಮೊದಲ ಚಳಿಗಾಲದಲ್ಲಿ ತೂರೆಯಿಂದಲೇ ಪಾಠ ಕಲಿತಳು. ಎರಡನೆಯ ಚಳಿಗಾಲದಲ್ಲಿ ಅವನನ್ನೇ ಸೋಲಿಸಿದಳು.

ಒಂದು ಸಲ ಸೋತರೆ ತೂರೆ ಸಹಿಸುತ್ತಿದ್ದನೇನೋ. ಆದರೆ ಮತ್ತೆ ಮತ್ತೆ ಸೋತ. ಅವನ ಬೆನ್ನ ಹಿಂದಿನ ಕುರ್ಚಿಗಳು ಒಂದೊಂದಾಗಿ ಅವಳ ಕಡೆಗೆ ಸರಿದವು. ಅರ್ವಿದ್ ಕೂಡ ಬುಟ್ಟಿಯಲ್ಲಿದ್ದ ದಾಲ್ಚಿನ್ನಿ ಬನ್ನುಗಳಲ್ಲಿ ಸಕ್ಕರೆ ಹೆಚ್ಚಾಗಿ ಉದುರಿಸಿದ್ದನ್ನು ಅವಳಿಗೆಂದೇ ಎತ್ತಿಡತೊಡಗಿದ. ತೂರೆ ಬನ್ನು ಮುಟ್ಟದೆ ಅವಳ ಆಟದ ಮೇಲೇ ಕಣ್ಣಿಟ್ಟ.

ಅವಳ ಆಟದಲ್ಲೊಂದು ವಿಚಿತ್ರವನ್ನು ಅವನು ಗಮನಿಸಿದ್ದ. ಪ್ರತಿ ತಿರುವಿನಲ್ಲೂ ಯಾರೂ ಕಾಣಿಸಿಕೊಳ್ಳುವ ಮೊದಲೇ ಅವಳು ಎಡಕ್ಕೆ ಹೊರಳಿ ನೋಡುತ್ತಿದ್ದಳು. ಗೋಡೆಯ ಆಚೆ ಇರುವವನು ಇವಳಿಗೆ ಹೇಗೆ ಕಾಣಬೇಕು? ಗೋಡೆಯೊಳಗಿಂದ ನೋಡಲು ಬಿಡುವ ಕಳ್ಳ ತಂತ್ರಾಂಶಗಳುಂಟು. ಇವಳೂ ಅಂಥದ್ದನ್ನು ಹಾಕಿಕೊಂಡಿದ್ದಾಳೆಂದು ಅವನ ಮನಸ್ಸು ತೀರ್ಪು ಕೊಟ್ಟಿತು. ಹಾಗೆಂದುಕೊಂಡ ರಾತ್ರಿ ಅವನಿಗೆ ಒಳ್ಳೆಯ ನಿದ್ದೆ ಬಂತು.

ಅಂಥ ಮೋಸ ಹಿಡಿಯಲೆಂದೇ ಸಂಘ ಎಲ್ಲರ ಕಂಪ್ಯೂಟರಿಗೂ ಒಂದು ಕಾವಲು ತಂತ್ರಾಂಶ ಹಾಕಿಸಿತ್ತು. ಯಂತ್ರ ಕಣ್ಣು ಬಿಡುವ ಮೊದಲೇ ಅದು ಎದ್ದು ಕೂರುತ್ತಿತ್ತು. ಯಂತ್ರದೊಳಗೆ ಅದಕ್ಕೆ ತೆರೆಯದ ಬಾಗಿಲೇ ಇರಲಿಲ್ಲ. ಪಂದ್ಯದ ನಡುವೆ ಆಗಾಗ ಆಟಗಾರನ ಪರದೆಗಳ ಚಿತ್ರ ತೆಗೆದು ಸಂಘಕ್ಕೆ ಕಳುಹಿಸುತ್ತಿತ್ತು. ಅದನ್ನು ಹಾಕಿಸುವ ದಿನ ಗುನ್ವೋರ್ ಕೇಳಿದ್ದಳು: "ಅಲ್ಲಯ್ಯ, ಅದು ಏನೇನು ನೋಡುತ್ತೆ? ನಮ್ಮನೇಲಿ ಬ್ಯಾಂಕ್ ವ್ಯವಹಾರ, ಮಗಳ ಹತ್ರ ಮಾತು, ಎಲ್ಲ ಅದೊಂದೇ ಕಂಪ್ಯೂಟರಲ್ಲಿ."

"ಕದಿಯದೇ ಇರೋಳಿಗೆ ಏನೇ ಭಯ?" ಎಂದು ತೂರೆಯೇ ಅವಳ ಬಾಯಿ ಮುಚ್ಚಿಸಿದ್ದ.

ಯಾರಾದರೂ ದೂರು ಕೊಟ್ಟರೆ ಮಾತ್ರ ಆ ಚಿತ್ರಗಳನ್ನು ತೆರೆಯಬಹುದೆಂಬುದು ನಿಯಮ. ತೆರೆಯುವ ಹೊಣೆ ಸರದಿಯ ಮೇಲೆ ಒಬ್ಬೊಬ್ಬರದು. ಆ ವರ್ಷ ತೂರೆಯ ಸರದಿ. ಯಾರೂ ದೂರು ಕೊಟ್ಟಿರಲಿಲ್ಲ. ಒಂದು ಬೆಳಗ್ಗೆ ಗಂಜಿ ಆರುತ್ತಿರುವಂತೆಯೇ ಅವನು ಗುನ್ವೋರಳ ಚಿತ್ರಗಳನ್ನು ತೆರೆದ.

ಕಳ್ಳ ತಂತ್ರಾಂಶ ಸಿಗಲಿಲ್ಲ. ಅವಳ ಮೇಜಿನ ಮೇಲೆ ಎರಡು ಪರದೆಗಳಿದ್ದವು. ಒಂದರಲ್ಲಿ ಆಟ. ಇನ್ನೊಂದರಲ್ಲಿ ಮುಚ್ಚಲು ಮರೆತ ಕಣ್ಣಿನ ಆಸ್ಪತ್ರೆಯ ಪುಟ: ಚುಕ್ಕಿಗಳ ಸಾಲು, ಮೇಲೆ ಅವಳ ಹೆಸರು, ಕೆಳಗೆ ದಿನದ ಅಭ್ಯಾಸ. ಎಡಗಡೆಯ ನೋಟ ಅಳಿದವರು ಎಡಕ್ಕೆ ಹೊರಳಿ ನೋಡುವುದನ್ನು ರೂಢಿಸಿಕೊಳ್ಳಬೇಕೆಂದು ಅದರಲ್ಲಿತ್ತು. ಹಾಗಾದರೆ ಅವಳು ಗೋಡೆಯಾಚೆ ಕಂಡವಳಲ್ಲ. ಗೋಡೆಯ ಈಚೆಯೂ ಅರ್ಧವೇ ಕಾಣುತ್ತಿದ್ದವಳು.

ತೂರೆ ಅಲ್ಲಿಗೇ ಮುಚ್ಚಿಡಬಹುದಿತ್ತು. ಒಂದು ಕ್ಷಣ ಅವನಿಗೆ ಅಯ್ಯೋ ಎನಿಸಿತು ಕೂಡ. ಆದರೆ ಅರೆಗಣ್ಣಿನವಳ ಕೈಯಲ್ಲಿ ತಾನು ಸೋತೆನೆಂಬುದು ಆ ಕನಿಕರವನ್ನು ನುಂಗಿಬಿಟ್ಟಿತು. ಹೊಟ್ಟೆಕಿಚ್ಚಿಗೆ ಕನಿಕರವೂ ಸೌದೆಯೇ.

ವಸಂತದ ಅಂತಿಮ ಸ್ಪರ್ಧೆಯಲ್ಲಿ ಉಳಿದವರು ಅವರಿಬ್ಬರೇ. ಗುನ್ವೋರ್ ಎಡಕ್ಕೆ ಹೊರಳುವಳು, ಮತ್ತೆ ನೇರವಾಗುವಳು. ನೇರವಾದ ಮರುಗಳಿಗೆಯೇ ತೂರೆ ಎಡದಿಂದ ಎರಗುವನು. ಸುತ್ತಿನ ಮೇಲೆ ಸುತ್ತು ಗೆದ್ದ. ಜನ ಚಪ್ಪಾಳೆ ತಟ್ಟಿದರು. ಕುರ್ಚಿಗಳು ಅವನತ್ತ ತಿರುಗಿದವು.

ಕಾಫಿಯ ಹೊತ್ತಿನಲ್ಲಿ ಗುನ್ವೋರ್ ಅವನ ಎದುರಿಗೇ ಬಂದು ಕುಳಿತಳು.

"ಚೆನ್ನಾಗಿ ಆಡಿದೆ ತೂರೆ."

"ಏನೋ, ನನ್ನ ದಿನ ಚೆನ್ನಾಗಿತ್ತು."

"ಎರಡು ವರ್ಷದಿಂದ ನಿನ್ನ ಜೊತೆ ಆಡ್ತಿದೀನಿ. ನೀನು ಬಲಗಡೆ ಗೋಡೆ ಹಿಡ್ಕೊಂಡು ಬರೋನು. ರಸ್ತೆಯ ಬಲಬದೀಲೇ ಬಸ್ಸು ಓಡಿಸಿದ ಅಭ್ಯಾಸ ಅಂತ ನೀನೇ ಹೇಳಿದ್ದೆ. ಇವತ್ತು ಒಂದು ಸಲಾನೂ ಆ ಗೋಡೆ ಹಿಡೀಲಿಲ್ಲ ನೀನು, ಬರೀ ನನ್ನ ಎಡಗಡೆಯಿಂದ್ಲೇ ಬಂದೆ."

"ಆಟ ಅಂದ್ಮೇಲೆ ಬದಲಾಯಿಸ್ಬೇಕಪ್ಪ" ಎಂದು ತೂರೆ ಲೋಟದೊಳಗೆ ನೋಡಿದ.

"ನನ್ನ ಎಡಗಡೆ ವಿಷಯ ಮಗಳಿಗೂ ಹೇಳಿಲ್ಲ ನಾನು. ಡಾಕ್ಟರಿಗೆ ಗೊತ್ತು, ನನ್ನ ಕಂಪ್ಯೂಟರಿಗೆ ಗೊತ್ತು." ಅವಳ ದನಿ ಏರಲಿಲ್ಲ. "ನಿನಗೆ ಯಾರು ಹೇಳಿದ್ರು?"

ಅರ್ವಿದ್ ಕಾಫಿಯ ಪಾತ್ರೆ ಕೆಳಗಿಟ್ಟ. "ತೂರೆ, ಚಿತ್ರ ತೆಗೆದು ನೋಡಿದ್ಯಾ? ಯಾರೂ ದೂರು ಕೊಟ್ಟಿರ್ಲಿಲ್ವಲ್ಲೋ."

"ನನಗೆ ಅನುಮಾನ ಇತ್ತು."

"ಅನುಮಾನ ಇದ್ದೋನು ನನ್ನ ಹತ್ರ ಬರ್ಬೇಕಿತ್ತು. ಬೇಲೀನೇ ಎದ್ದು ಹೊಲ ಮೇಯ್ದ್ರೆ ಯಾರಿಗ್ ಹೇಳೋದು?"

ಸಂಘದಿಂದ ಅವನನ್ನು ಯಾರೂ ಹೊರಗೆ ಹಾಕಲಿಲ್ಲ, ಗೆಲುವನ್ನು ಕಿತ್ತುಕೊಳ್ಳಲೂ ಇಲ್ಲ. ಸರದಿಯ ಹೊಣೆಯನ್ನು ಮಾತ್ರ ಬೇರೊಬ್ಬರಿಗೆ ಕೊಟ್ಟರು. ಗುನ್ವೋರ್ ಮನೆಗೆ ಹೋಗಿ ಕಾವಲು ತಂತ್ರಾಂಶವನ್ನು ಬೇರುಸಹಿತ ಕಿತ್ತು ಹಾಕಿದಳು. ಅದಿಲ್ಲದವರಿಗೆ ಪಂದ್ಯದಲ್ಲಿ ಜಾಗವಿಲ್ಲ. "ಬೇಡ ಬಿಡಿ. ನಿಮ್ಮ ಪಟ್ಟ ನಿಮಗಿರ್ಲಿ" ಎಂದಳು.

ಮುಂದಿನ ಚಳಿಗಾಲದಲ್ಲಿ ಅವಳು ಸಭಾಭವನದ ಮೂಲೆಯ ಮೇಜಿನಲ್ಲಿ, ಅಂಕವಿಲ್ಲ, ಪಟ್ಟಿಯಿಲ್ಲ, ಸುಮ್ಮನೆ ಆಡತೊಡಗಿದಳು. ಮೊದಲು ಒಬ್ಬಳೇ ಇದ್ದಳು. ಆಮೇಲೆ ಅರ್ವಿದ್ ಹೋದ. ಅವನ ಹಿಂದೆ ಇನ್ನೂ ಕೆಲವರು ತಮ್ಮ ಕಾವಲನ್ನು ಕಿತ್ತು ಅತ್ತ ನಡೆದರು. ತೂರೆ ಪಂದ್ಯದ ಮೇಜಿನಲ್ಲಿ ಗೆಲ್ಲುತ್ತಲೇ ಇದ್ದ. ಅವನು ಗುರಿಯಿಡುವಾಗ ಮೂಲೆಯಿಂದ ನಗು ಕೇಳಿಬರುತ್ತಿತ್ತು. ತಾನಿಲ್ಲದೆಯೂ ಅವರಿಗೆ ಇಷ್ಟು ನಗು ಹೇಗೆ ಬರುತ್ತದೆಂದು ಅವನಿಗೆ ತಿಳಿಯುತ್ತಿರಲಿಲ್ಲ.

ಕೊನೆಗೊಂದು ಗುರುವಾರ ಅವನೂ ತನ್ನ ಕಾವಲನ್ನು ಕಿತ್ತು, ಕಂಪ್ಯೂಟರನ್ನು ತಬ್ಬಿಕೊಂಡು ಆ ಮೇಜಿನ ಮುಂದೆ ನಿಂತ. "ನಾನು ಮಾಡಿದ್ದು ತಪ್ಪು ಕಣೆ ಗುನ್ವೋರ್. ಇಲ್ಲಿ ಜಾಗ ಇದ್ಯಾ?"

ಗುನ್ವೋರ್ ಆಟ ನಿಲ್ಲಿಸಿ ಅವನತ್ತ ತಿರುಗಿದಳು.

"ಕೂತ್ಕೋ. ಆದ್ರೆ ನನ್ನ ಬಲಗಡೆ. ನೀನೇನ್ ಮಾಡ್ತೀಯ ಅಂತ ನನಗೆ ಕಾಣ್ಬೇಕು."

ಎಲ್ಲರೂ ನಕ್ಕರು. ತೂರೆಯೂ ನಕ್ಕು ಬಲಗಡೆಯ ಕುರ್ಚಿಯಲ್ಲಿ ಕುಳಿತ. ಅವಳಿಗೆ ಕಾಣದ ಎಡಗಡೆಯಲ್ಲಿ ಅರ್ವಿದ್ ಕುಳಿತು, ಬನ್ನಿನ ತಟ್ಟೆಯನ್ನು ಅವಳ ಕೈಗೆಟಕುವಂತೆ ಸರಿಸುತ್ತಿದ್ದ. ಅವಳು ಆ ಕಡೆ ತಿರುಗಿ ನೋಡಲೂ ಇಲ್ಲ, ಸುಮ್ಮನೆ ಕೈ ಚಾಚಿ ತೆಗೆದುಕೊಂಡಳು. ಆ ಎಡಗಡೆಯ ಕುರ್ಚಿಯಿಂದ ಕಣ್ಣು ಕೀಳಲು ತೂರೆಗೆ ಆ ಸಂಜೆಯೆಲ್ಲ ಆಗಲಿಲ್ಲ.