ಪುಂಡಿನಾರಿನ ಜೋಕಾಲಿ

ನಾಗರ ಪಂಚಮಿ ಹತ್ತಿರ ಬಂತೆಂದರೆ ನಮ್ಮ ಹಾನಗಲ್ಲಿನ ಸಂತೆಯಲ್ಲಿ ಜೋಕಾಲಿಯ ಹಗ್ಗ ಮಾರುವವರು ಸಾಲಾಗಿ ಕೂರುತ್ತಾರೆ. ಈಗೆಲ್ಲ ನೈಲಾನಿನದೇ ಕಾರುಬಾರು. ನೀಲಿ, ಹಸಿರು, ಕೇಸರಿ... ಮೂಸಿದರೆ ಏನೂ ಇಲ್ಲ. ಪುಂಡಿಗಿಡದ ನಾರಿನಿಂದ ಹೊಸೆದ ಹಗ್ಗ ತರುವವನು ಒಬ್ಬನೇ ಉಳಿದಿದ್ದಾನೆ. ಈ ಸಲ ಅವನನ್ನು ದಾಟಿ ಹೋಗುವಾಗ ನನ್ನ ಕೈ ಹಿಡಿದು ನಡೆಯುತ್ತಿದ್ದ ಮಗ ಗಕ್ಕನೆ ನಿಂತುಬಿಟ್ಟ. ನೀರಿನಲ್ಲಿ ಕೊಳೆಹಾಕಿ ತೆಗೆದ ನಾರಿನ ಆ ಹಸಿ ವಾಸನೆ ನನ್ನ ಮೂಗಿಗೂ ಬಡಿಯಿತು. ಅಷ್ಟೇ ಸಾಕಾಯಿತು, ಹಳೆಯ ಸಿಟ್ಟೆಲ್ಲ ಮೇಲೆದ್ದು ಬಂತು. ಅಕ್ಕೋರು ನೆನಪಾದರು.

ನಮ್ಮ ಕಡೆ ಮಕ್ಕಳಿಗೆ ಕಲಿಸುವ ಹೆಣ್ಣುಮಗಳಿಗೆ ಅಕ್ಕೋರು ಅನ್ನುತ್ತೇವೆ. ಇವರು ಶಾಲೆಯ ಅಕ್ಕೋರಲ್ಲ. ನನ್ನ ಮಗನಂಥ ಮಕ್ಕಳಿಗೆ ಮಾತು, ನಡೆ, ಕೈಕೆಲಸ ಕಲಿಸುವ ಥೆರಪಿಯವರು. ರಟ್ಟೀಹಳ್ಳಿಯ ಕಡೆಯವರು, ಮೈಸೂರಿನಲ್ಲಿ ಓದಿ ಬಂದವರು. ನಾನು ಅವರನ್ನು ಮೊದಲು ಕಂಡದ್ದು ಹುಬ್ಬಳ್ಳಿಯಲ್ಲಿ. ಆಗ ನನ್ನ ಮಗ ಕರೆದರೆ ತಿರುಗುತ್ತಿರಲಿಲ್ಲ, ಒಂದು ಮಾತೂ ಆಡುತ್ತಿರಲಿಲ್ಲ. ನಮ್ಮ ಅತ್ತೆ ಕಿವುಡು ಅಂದರು, ಓಣಿಯವರು ಗಾಳಿ ಸೋಕಿದೆ ಅಂದರು, ಹುಬ್ಬಳ್ಳಿಯ ಡಾಕ್ಟರು ಆಟಿಸಂ ಅಂದರು. ವಾರಕ್ಕೊಮ್ಮೆ ಅವನನ್ನು ಎತ್ತಿಕೊಂಡು ಬಸ್ಸು ಹತ್ತುತ್ತಿದ್ದೆ. ಶಿಗ್ಗಾಂವಿ ದಾಟುವಷ್ಟರಲ್ಲಿ ಹಾರ್ನು, ಜನ, ನೂಕಾಟಕ್ಕೆ ಅವನು ಕೈ ಕಚ್ಚಿಕೊಳ್ಳಲು ಶುರು ಮಾಡುತ್ತಿದ್ದ. ಬಸ್ಸಿನ ತುಂಬ ಜನ ನನ್ನ ಕಡೆ ನೋಡುತ್ತಿದ್ದರು. ನೋಡಲಿ, ಅವರಪ್ಪನ ಗಂಟೇನು ಹೋಗುತ್ತದೆ ಅಂದುಕೊಂಡು ಕೂತಿರುತ್ತಿದ್ದೆ.

ಒಂದು ದಿನ ಅಕ್ಕೋರು ಪಾಠ ಬಿಟ್ಟು ನನ್ನ ಮುಂದೆ ಬಂದು ಕೂತರು.

"ಅಕ್ಕಾ, ಈ ಹುಡುಗ ಬಸ್ಸಿನ ಸಪ್ಪಳಾ ತಡಕೊಳ್ಳೂದ್ರಾಗ ದಣದ ಬಂದಿರ್ತಾನ. ಇಲ್ಲಿಗೆ ಬಂದಮ್ಯಾಲೆ ನಾ ಅವಂಗ ಏನ್ ಕಲಸ್ಲಿ? ನೀವು ಬರೂದಕ್ಕಿಂತ ನಾನ ನಿಮ್ಮ ಕಡೆ ಬರೂದು ಚಲೋ."

ಹಿಂಗೆ ಹೇಳುವವರು ಬಹಳ ಜನ. ಬಾಯಿಮಾತು ಅಂದುಕೊಂಡೆ. ಆದರೆ ಅಕ್ಕೋರು ಹುಬ್ಬಳ್ಳಿಯ ಕೆಲಸ ಬಿಟ್ಟು ಸ್ಕೂಟಿಯ ಮೇಲೆ ಎರಡು ಚೀಲ ಹೇರಿಕೊಂಡು ನಿಜವಾಗಿಯೂ ಬಂದೇಬಿಟ್ಟರು.

ಅವರಿಗೆ ಜಾಗ ಕೊಟ್ಟವರು ನಮ್ಮೂರಿನ ಒಬ್ಬ ಸಾವಕಾರರು, ಕಾಳುಕಡಿ ವ್ಯಾಪಾರದವರು. ಅವರದೊಂದು ಹಳೆಯ ಗೋದಾಮು ಖಾಲಿ ಬಿದ್ದಿತ್ತು. ಅಕ್ಕೋರು ಒಳಗೆ ಕಾಲಿಟ್ಟವರೇ ಗೋಡೆ ನೋಡಲಿಲ್ಲ, ನೆಲ ನೋಡಲಿಲ್ಲ, ತಲೆಯೆತ್ತಿ ಮೇಲೆ ನೋಡಿದರು.

"ಸಾವಕಾರ್ರ, ಈ ತೊಲಿ ಗಟ್ಟಿ ಐತೇನ್ರಿ?"

"ನಮ್ಮ ಮುತ್ಯಾ ಕಟ್ಟಿಸಿದ್ದರಿ. ಆನಿ ಕಟ್ಟಿದ್ರೂ ಜಗ್ಗೂದಿಲ್ಲ," ಎಂದು ಸಾವಕಾರರು ಮೀಸೆ ತಿರುವಿದರು.

ಮರುದಿನವೇ ಸಂತೆಯಿಂದ ಪುಂಡಿನಾರಿನ ಹಗ್ಗ ಬಂತು. ನಾನು ಹೊಲಿಗೆ ಕೆಲಸದವಳು. ಕೂರಲು ಹಳೆಯ ಬಟ್ಟೆ ಪದರು ಸೇರಿಸಿ ದಪ್ಪನೆಯ ಕೌದಿ ಹೊಲಿದುಕೊಟ್ಟೆ. ಮಕ್ಕಳ ತೊಡೆಯ ಮೇಲೆ ಭಾರ ಇಡಲು ಜೋಳ ತುಂಬಿದ ಸಣ್ಣ ಚೀಲಗಳನ್ನೂ ಹೊಲಿದೆ. ಭಾರ ಬಿದ್ದರೆ ಇಂಥ ಮಕ್ಕಳ ಮೈ ಸಮಾಧಾನಕ್ಕೆ ಬರುತ್ತದಂತೆ. ಗೋಡೆಯ ಮೇಲೆ ಚಿತ್ರಗಳು ಬಂದವು: ಮೊದಲು ಚಪ್ಪಲಿ ಬಿಡುವುದು, ಆಮೇಲೆ ಕೈ ತೊಳೆಯುವುದು, ಆಮೇಲೆ ಜೋಕಾಲಿ. ಮಾತು ತಿಳಿಯದ ಮಕ್ಕಳು ಆ ಚಿತ್ರಗಳನ್ನು ನೋಡಿ ಮುಂದೆ ಏನಾಗುತ್ತದೆಂದು ತಿಳಿದುಕೊಳ್ಳುತ್ತಿದ್ದರು. ಸವಣೂರು, ಶಿಗ್ಗಾಂವಿ, ತಡಸದ ಕಡೆಯಿಂದಲೂ ತಾಯಂದಿರು ಬರತೊಡಗಿದರು. ಊರಿನವರು ಅದಕ್ಕೆ 'ಮೂಕರ ಸಾಲಿ' ಎಂದು ಹೆಸರಿಟ್ಟರು. ಹೆಸರಿಡುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ.

ಅಕ್ಕೋರದು ಬಲು ಜಬರ್ದಸ್ತು. ಬಾಗಿಲಲ್ಲೇ ನಿಂತು, "ಅಕ್ಕಾ, ಬಳಿ ತಗದ ಒಳಗ ಬರ್ರಿ, ಕಿಣಿಕಿಣಿ ಅಂದ್ರ ಹುಡುಗರಿಗೆ ಆಗೂದಿಲ್ಲ" ಅನ್ನುತ್ತಿದ್ದರು. ಗಂಡ ಇರುವ ಹೆಂಗಸರು ಬಳೆ ತೆಗೆಯುವುದೇ! ಮೊದಮೊದಲು ಜಗಳವೇ ಆಯಿತು. ಕೊನೆಗೆ ಬಳೆಯ ಮೇಲೆ ಬಟ್ಟೆ ಸುತ್ತಿಕೊಂಡು ಒಳಗೆ ಹೋಗುವುದೆಂದು ರಾಜಿಯಾಯಿತು. ಮಲ್ಲಿಗೆ ಮುಡಿಯುವಂತಿಲ್ಲ, ಸೆಂಟು ಹಚ್ಚುವಂತಿಲ್ಲ, ಮೊಬೈಲು ಬಾರಿಸುವಂತಿಲ್ಲ. ಸಂಜೆ ಕೆಲಸ ಮುಗಿದ ಮೇಲೆ ಮಾತ್ರ ನಮ್ಮ ಜೊತೆ ಕಟ್ಟೆಯ ಮೇಲೆ ಕೂತು ಮಂಡಕ್ಕಿ ಮಿರ್ಚಿ ತಿಂದು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು.

ಅವರ ವಿದ್ಯೆಯೆಲ್ಲ ಇದ್ದದ್ದು ಕಾಯುವುದರಲ್ಲಿ. ಮಗನನ್ನು ಜೋಕಾಲಿಯಲ್ಲಿ ಕೂರಿಸಿ ತೂಗುತ್ತಿದ್ದರು. ಅವನಿಗೆ ಖುಷಿ ಏರುತ್ತಿದ್ದಂತೆ ಹಗ್ಗ ಹಿಡಿದು ನಿಲ್ಲಿಸಿಬಿಡುತ್ತಿದ್ದರು. ನಿಲ್ಲಿಸಿ, ಅವನ ಮುಖ ನೋಡುತ್ತ ಸುಮ್ಮನೆ ಕಾಯುವುದು. ನಾನು ತಡೆಯಲಾರದೆ ಮಧ್ಯೆ ಬಾಯಿ ಹಾಕಿದರೆ ಕಣ್ಣು ಕೆಂಪಗೆ ಮಾಡುತ್ತಿದ್ದರು. "ಅವಂಗ ಬೇಕಾಗೇತಿ. ಕೇಳ್ತಾನ. ನೀವು ಅವನ ಪಾಳಿ ಕಸಗೋಬ್ಯಾಡ್ರಿ." ಮೊದಲು ಅವನು ಬರೀ ಒದ್ದಾಡುತ್ತಿದ್ದ. ಆಮೇಲೆ ಅವರ ಕೈ ಹಿಡಿದು ಹಗ್ಗದ ಮೇಲೆ ಇಡತೊಡಗಿದ. ಆಮೇಲೊಂದು ಮಧ್ಯಾಹ್ನ, ನಾನು ಮೂಲೆಯಲ್ಲಿ ಕೂತು ಚೀಲ ಹೊಲಿಯುತ್ತಿದ್ದಾಗ, ಯಾರದೋ ಹೊಸ ದನಿ ಕೇಳಿತು.

"ತೂಗ."

ನನ್ನ ಮಗನ ದನಿ ಹೇಗಿರುತ್ತದೆಂದು ನನಗೆ ಗೊತ್ತಾದದ್ದು ಅವತ್ತು. ಅಕ್ಕೋರು ಕುಣಿಯಲಿಲ್ಲ, ಚಪ್ಪಾಳೆ ತಟ್ಟಲಿಲ್ಲ, ತಕ್ಷಣ ತೂಗಿದರು. ಕೇಳಿದರೆ ಸಿಗುತ್ತದೆ ಎಂಬುದು ಅವನಿಗೆ ತಿಳಿಯಬೇಕಲ್ಲ. ನಾನು ಹಿತ್ತಲಿಗೆ ಓಡಿಹೋಗಿ ಸೆರಗು ಬಾಯಿಗೆ ಹಿಡಿದು ಅತ್ತೆ.

ಇಷ್ಟೆಲ್ಲ ಚೆನ್ನಾಗಿತ್ತು, ಲೈಸೆನ್ಸ್ ಒಂದು ಇರಲಿಲ್ಲ. ನಮ್ಮಲ್ಲಿ ಬಹುತೇಕರ ಹತ್ತಿರ ಇದ್ದದ್ದು ಸರ್ಕಾರಿ ವಿಮೆಯ ಕಾರ್ಡು ಮಾತ್ರ. ಥೆರಪಿಯ ಖರ್ಚನ್ನು ವಿಮೆಯೇ ಕೊಡುತ್ತದೆ, ಆದರೆ ಲೈಸೆನ್ಸ್ ಇರುವ ಕೇಂದ್ರಕ್ಕಷ್ಟೇ. ಅದು ಬರುವ ತನಕ ಅಕ್ಕೋರು ನಮ್ಮಂಥವರಿಂದ ಏನೂ ತೆಗೆದುಕೊಳ್ಳದೆ ನಡೆಸಿದರು. ಎಷ್ಟು ಕಾಲ ನಡೆದೀತು? ಆ ಕಾಗದ ಬಂದರೆ ಕೇಂದ್ರ ಉಳಿಯುತ್ತದೆ, ಇಲ್ಲವಾದರೆ ಇಲ್ಲ. ಇದು ನಮಗೆಲ್ಲ ಗೊತ್ತಿತ್ತು. ಲೈಸೆನ್ಸ್ ಕೊಡುವ ಜಿಲ್ಲಾ ಕಚೇರಿಗೆ ಅವರು ಅಲೆದ ಅಲೆದಾಟ ದೇವರಿಗೇ ಪ್ರೀತಿ. ಅರ್ಜಿಯಲ್ಲಿ ಹಾಸಿಗೆ ಎಷ್ಟು ಅಂತ ಕೇಳಿತ್ತು. ಸೂಜಿಯೇ ಇಲ್ಲದ ಜಾಗಕ್ಕೆ ಬಳಸಿದ ಸೂಜಿ ಎಲ್ಲಿ ಎಸೆಯುತ್ತೀರೆಂದು ಬರೆದು ಕೊಡಬೇಕಿತ್ತು. ಕೊಟ್ಟರು. ಗಾಲಿಕುರ್ಚಿಗೆ ಇಳಿಜಾರು ಕಟ್ಟಿಸೆಂದರು, ಕಟ್ಟಿಸಿದರು. ಬೆಂಕಿ ಆರಿಸುವ ಸಿಲಿಂಡರು ತೂಗುಹಾಕೆಂದರು, ತೂಗುಹಾಕಿದರು. ಇನ್ನು ಉಳಿದದ್ದು ಆ ಕಚೇರಿಯ ಸಾಹೇಬರು ಬಂದು ಕಣ್ಣಾರೆ ನೋಡುವುದೊಂದೇ.

ಆ ದಿನ ಬಂತು. "ಏನೂ ಬದಲ್ ಮಾಡಬ್ಯಾಡ್ರಿ. ದಿನಾ ಹೆಂಗಿರ್ತೇವಿ ಹಂಗ ಇರೂಣು. ಹುಡುಗರು ಜೋಕಾಲ್ಯಾಗ ಕುಂತದ್ದನ್ನ ಸಾಹೇಬ್ರು ನೋಡ್ಲಿ, ಸಾಕು," ಎಂದು ನಮಗೆಲ್ಲ ಹೇಳಿ, ಸಾಹೇಬರಿಗೆ ದಾರಿ ತೋರಿಸಿ ಕರೆತರಲು ಅಕ್ಕೋರು ಬೆಳಿಗ್ಗೆಯೇ ಹೈವೇ ಕಡೆ ಹೊರಟುಹೋದರು.

ಅವರು ಅತ್ತ ಹೋದದ್ದೇ ತಡ, ಇತ್ತ ಸಾವಕಾರರು ಆಳುಗಳ ಜೊತೆ ಬಂದರು. ಇಸ್ತ್ರಿ ಮಾಡಿದ ಧೋತರ, ಹಣೆ ತುಂಬ ವಿಭೂತಿ. ಕೆಟ್ಟ ಮನುಷ್ಯರೇನಲ್ಲ, ಹಾಗೆಂದು ನಾನು ಹೇಳುವುದೂ ಇಲ್ಲ. ಆದರೆ ದೊಡ್ಡವರು ಊರಿಗೆ ಬಂದರೆ ಹಾರತುರಾಯಿ ಹಾಕಿ, ಶಾಲು ಹೊದಿಸಿ, ಪೇಟ ಸುತ್ತದಿದ್ದರೆ ನಮ್ಮವರಿಗೆ ಉಂಡದ್ದು ಕರಗುವುದಿಲ್ಲ. ಗೋಡೆಯ ಚಿತ್ರಗಳೆಲ್ಲ ಕಿತ್ತುಬಂದವು, ಆ ಜಾಗಕ್ಕೆ ಸುಸ್ವಾಗತದ ಬ್ಯಾನರ್ ಬಂತು. ಜೋಳದ ಚೀಲಗಳು ಹಿತ್ತಲಿಗೆ ಹೋದವು. ಒಬ್ಬ ಆಳು ಏಣಿ ಹಾಕಿ ತೊಲೆ ಹತ್ತಿದ.

ನಾನು ಬಾಯಿ ಮಾಡಿದೆ. "ಸಾವಕಾರ್ರ, ಅದನ್ನ ಬಿಚ್ಚಬ್ಯಾಡ್ರಿ! ಅಕ್ಕೋರು ಹೇಳಿ ಹೋಗ್ಯಾರ."

"ಏ ತಂಗಿ, ನಿನಗ ತಿಳಿಯೂದಿಲ್ಲ. ಜೋಕಾಲಿ ನೋಡಿದ್ರ ಸಾಹೇಬ್ರು ಇದೇನ್ ಹುಡುಗಾಟಕಿ ಅಂತಾರ. ಆಸ್ಪತ್ರಿ ಅಂದ್ರ ಆಸ್ಪತ್ರಿ ಇದ್ದಂಗ ಕಾಣಬೇಕು."

ಉಳಿದ ತಾಯಂದಿರೂ ಕಡಿಮೆಯೇನಿರಲಿಲ್ಲ. ಮಕ್ಕಳಿಗೆ ಗರಿಗರಿ ಹೊಸ ಅಂಗಿ, ತಮಗೆ ಮಲ್ಲಿಗೆ ಮಾಲೆ, ಕೈತುಂಬ ಬಳೆ, ಆರತಿ ತಟ್ಟೆ. ಊದುಬತ್ತಿಯ ಹೊಗೆ ಗೋದಾಮಿನ ತುಂಬ. ಬಾಗಿಲಲ್ಲಿ ಬಾಜಾದವರು. ವರ್ಷಗಟ್ಟಲೆ ಅಕ್ಕೋರು ಏನೇನು ಬೇಡ ಅಂದಿದ್ದರೋ ಅದಷ್ಟನ್ನೂ ಒಂದೇ ಮುಂಜಾನೆ ತಂದು ಗುಡ್ಡೆ ಹಾಕಿದರು, ಅದೂ ಅವರ ಮೇಲಿನ ಪ್ರೀತಿಯಿಂದ!

ಜೀಪು ಬಂದು ನಿಂತದ್ದೇ ಬಾಜಾ ಶುರುವಾಯಿತು. ಮಕ್ಕಳು ಕಿವಿ ಮುಚ್ಚಿಕೊಂಡು ಚೀರತೊಡಗಿದರು. ಒಬ್ಬಳು ಅಂಗಿ ಹರಿದುಕೊಂಡಳು. ನನ್ನ ಮಗ ನನ್ನ ಕೈ ಕೊಸರಿಕೊಂಡು ತೊಲೆಯ ಕೆಳಗೆ ಓಡಿದ. ತಲೆಯೆತ್ತಿ ನೋಡಿದ. "ತೂಗ," ಅಂದ. ಆ ಗದ್ದಲದಲ್ಲಿ ಅದು ಕೇಳಿದ್ದು ನನಗೊಬ್ಬಳಿಗೇ. ಮತ್ತೆ ಅಂದ, ಮತ್ತೆ ಅಂದ. ಆಮೇಲೆ ನೆಲಕ್ಕೆ ಕೂತು ಹಣೆ ಚಚ್ಚಿಕೊಳ್ಳತೊಡಗಿದ.

ಅಕ್ಕೋರು ಜೀಪಿನಿಂದ ಇಳಿದು ಬಾಗಿಲಿಗೆ ಬಂದು ಒಮ್ಮೆ ಒಳಗೆ ಕಣ್ಣು ಹಾಯಿಸಿದರು. ಆ ಮುಖ... ಅದನ್ನು ಬರೆಯಲು ನನ್ನಿಂದಾಗದು. ಹಾರ ಹಿಡಿದು ನಿಂತ ಸಾವಕಾರರನ್ನೂ ಸಾಹೇಬರನ್ನೂ ದಾಟಿಕೊಂಡು ನೇರ ನನ್ನ ಮಗನ ಹತ್ತಿರ ಬಂದು, ಅವನ ಹಣೆಗೂ ನೆಲಕ್ಕೂ ನಡುವೆ ತಮ್ಮ ಅಂಗೈ ಇಟ್ಟರು.

"ಸರ್, ಮೊದ್ಲ ಆ ಬಾಜಾ ಬಂದ್ ಮಾಡಸ್ರಿ," ಎಂದು ಅಲ್ಲಿಂದಲೇ ಕೂಗಿದರು.

ಬಾಜಾ ನಿಂತಿತು, ಸಾವಕಾರರ ಮುಖ ಕಪ್ಪಿಟ್ಟಿತು. ಸಾಹೇಬರು ಕೊರಳಿನ ಹಾರ ಸರಿಮಾಡಿಕೊಳ್ಳುತ್ತ ಸುತ್ತ ನೋಡಿ, "ಇಲ್ಲಿ ಟ್ರೀಟ್‌ಮೆಂಟ್ ಸಾಮಾನು ಎಲ್ಲಿ ಅದಾವ್ರಿ?" ಅಂದರು. ಬಿಚ್ಚಿಟ್ಟಿದ್ದಾರೆ, ಈಗಲೇ ಕಟ್ಟಿಸುತ್ತೇನೆ, ಸ್ವಲ್ಪ ಹೊತ್ತು ಕೂತು ಮಕ್ಕಳು ಸಮಾಧಾನ ಆಗುವುದನ್ನು ನೋಡಿ ಎಂದು ಅಕ್ಕೋರು ಕೈಮುಗಿದರು. ನಾವೂ ಮುಗಿದೆವು.

"ನಾವು ಬಂದಾಗ ಏನ್ ಕಂಡಿತೋ ಅದನ್ನ ಬರೀಬೇಕ್ರಿ. ಇನ್ನೂ ಹಿರೇಕೆರೂರಿಗೆ ಹೋಗೂದೈತಿ, ಟೈಮಿಲ್ಲ."

ಟೈಮಿಲ್ಲದ ಸಾಹೇಬರು ಅಲ್ಲಿಂದ ನೇರ ಸಾವಕಾರರ ಮನೆಗೆ ಹೋಗಿ ಹೋಳಿಗೆ ಊಟ ಮಾಡಿದರು. ಸವಣೂರಿನ ಎಲೆ ಅಡಿಕೆ ಹಾಕಿಕೊಂಡು ನಿಧಾನವಾಗಿ ಹೊರಟರು. ಶಾಲು ಮರೆಯಲಿಲ್ಲ. ಅಷ್ಟು ಹೊತ್ತಿಗೆ ಅಕ್ಕೋರು ಜೋಕಾಲಿ ಮತ್ತೆ ಕಟ್ಟಿದ್ದರು, ಮಕ್ಕಳೆಲ್ಲ ತಣ್ಣಗಾಗಿದ್ದರು, ನನ್ನ ಮಗ ಕೌದಿಯಲ್ಲಿ ಕೂತು ತೂಗಿಸಿಕೊಳ್ಳುತ್ತಿದ್ದ. ಜೀಪು ಗೋದಾಮಿನ ಮುಂದೆಯೇ ಹಾದುಹೋಯಿತು. ನಿಲ್ಲಲಿಲ್ಲ.

ಚಿಕಿತ್ಸೆಯ ಉಪಕರಣಗಳು ಕಂಡುಬಂದಿಲ್ಲ, ಮಕ್ಕಳು ಉದ್ರಿಕ್ತ ಸ್ಥಿತಿಯಲ್ಲಿದ್ದರು, ಆದ್ದರಿಂದ ಅನುಮತಿ ಇಲ್ಲ. ಕಚೇರಿಯಿಂದ ಬಂದ ಉತ್ತರ ಇಷ್ಟು. ಅಕ್ಕೋರು ಮತ್ತೆ ಅರ್ಜಿ ಹಾಕಿದರು. ಆ ಸಾಹೇಬರಿಗೆ ವರ್ಗವಾಯಿತು, ಹೊಸಬರು ಬರುವುದು ತಡವಾಯಿತು, ಬಂದವರಿಗೆ ಪುರಸೊತ್ತಾಗಲಿಲ್ಲ. ಕಾರ್ಡು ನಡೆಯದ ಮೇಲೆ ದೂರದೂರಿನ ತಾಯಂದಿರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಸಾವಕಾರರು ತಮ್ಮ ಮರ್ಯಾದೆ ಹೋಯಿತೆಂದೇ ಕೂತರು. "ಅಕ್ಕೋರಿಗೆ ಭಾಳ ಸೊಕ್ಕು. ಸಾಹೇಬ್ರಿಗೆ ಒಂದು ನಮಸ್ಕಾರ ಸುದ್ದಾ ಮಾಡ್ಲಿಲ್ಲ," ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿದರು. ಸುಗ್ಗಿ ಬಂದಾಗ ಗೋವಿನಜೋಳ ತುಂಬಲು ಗೋದಾಮು ಬೇಕಾಗಿದೆ ಎಂದರು. ಬಾಜಾ ತರಿಸಿದ್ದು ತಪ್ಪಾಯಿತೆಂದು ಅವರಿಗೆ ಇವತ್ತಿಗೂ ಅನಿಸಿಲ್ಲ. ಕೈಮುಗಿದು ಕೇಳಿದರೂ ಕೂರದೆ ಹೋದ ಆ ಸಾಹೇಬರಿಗೂ ಅನಿಸಿರಲಾರದು. ಇಬ್ಬರಿಗೂ ನನ್ನ ಹೊಟ್ಟೆಯ ಶಾಪವಿದೆ, ಮುಚ್ಚಿಡುವುದೇನು.

ಊರು ಬಿಡುವ ದಿನ ಅಕ್ಕೋರು ಜೋಕಾಲಿಯನ್ನು ಸುತ್ತಿಕೊಂಡು ನಮ್ಮ ಮನೆಗೆ ಬಂದರು. ಅಭ್ಯಾಸದಂತೆ ತಲೆಯೆತ್ತಿ ಮೇಲೆ ನೋಡಿದರು. ನಮ್ಮದು ತಗಡಿನ ಮನೆ. ಸಣ್ಣ ಪೈಪಿನ ಮೇಲೆ ತಗಡು ಕೂತಿದೆ, ಭಾರ ತಡೆಯುವ ತೊಲೆ ಎಲ್ಲಿಂದ ಬರಬೇಕು. ಅವರು ಹಗ್ಗವನ್ನು ಮೂಲೆಯಲ್ಲಿಟ್ಟರು.

"ಅವಂಗ ಇನ್ನ ಮಾತು ಬರ್ತಿದ್ವು ಅಕ್ಕಾ. ಬಾಗಲಕ್ಕ ಬಂದು ನಿಂತಿದ್ವು," ಅಂದರು. ಅವತ್ತು ಅವರು ಅತ್ತದ್ದನ್ನು ನಾನು ನೋಡಿದೆ.

ಬೆಳಗಾವಿಗೆ ಹೋದರೆಂದು ಕೇಳಿದೆ. ಮೊದಲು ಹಬ್ಬಕ್ಕೆ ಫೋನು ಮಾಡುತ್ತಿದ್ದರು. ಆಮೇಲೆ ಅದೂ ನಿಂತಿತು, ನಂಬರೂ ಬದಲಾಯಿತು... ಥೆರಪಿ ಕೆಲಸವನ್ನೇ ಬಿಟ್ಟರೆಂದು ತಡಸದ ಒಬ್ಬ ತಾಯಿ ಹೇಳಿದಳು. ನಿಜವೋ ಸುಳ್ಳೋ.

ಹಗ್ಗದವನ ಮುಂದೆ ನಿಂತ ಮಗ ಈಗ ನನ್ನ ಎತ್ತರಕ್ಕೆ ಬೆಳೆದಿದ್ದಾನೆ, ಮೀಸೆ ಚಿಗುರುತ್ತಿದೆ. ಬಗ್ಗಿ ಹಗ್ಗದ ಸುರುಳಿಗೆ ಮೂಗು ಇಟ್ಟು ಮೂಸಿದ. ಎದ್ದು ನನ್ನ ಮುಖ ನೋಡಿ, "ತೂಗ," ಅಂದ. ಇಷ್ಟು ವರ್ಷಕ್ಕೂ ಅವನಿಗಿರುವುದು ಅದೊಂದೇ ಮಾತು. ಎರಡನೆಯದನ್ನು ಹೇಗೆ ಹೊರಗೆ ಕರೆಯುವುದೆಂದು ನನಗೆ ಗೊತ್ತಿಲ್ಲ. ಪಂಚಮಿಗೆ ಓಣಿಯ ಮರಕ್ಕೆ ಕಟ್ಟುವ ಜೋಕಾಲಿಯಲ್ಲಿ ಅವನನ್ನು ತೂಗಿ, ನಾನೂ ಅವರಂತೆ ನಿಲ್ಲಿಸಿ ಕಾದು ನೋಡಿದ್ದೇನೆ. ನನ್ನ ಕಾಯುವಿಕೆಗೆ ಅದು ಬರಲಿಲ್ಲ. ಜೋಕಾಲಿ ಯಾರಾದರೂ ಕಟ್ಟಬಹುದು. ಅಕ್ಕೋರನ್ನು ಎಲ್ಲಿಂದ ತರಲಿ?

"ತಮ್ಮಾ ಏನಂತಾನವ್ವಾ?" ಎಂದು ಹಗ್ಗದವನು ಕೇಳಿದ.

ಮಗ ಹಗ್ಗ ಹಿಡಿದುಕೊಂಡು ನನ್ನ ಮುಖ ನೋಡುತ್ತಲೇ ನಿಂತಿದ್ದ. ಕೇಳಿದರೆ ಸಿಗುತ್ತದೆ ಎಂದು ಅಕ್ಕೋರು ಅವನಿಗೆ ಕಲಿಸಿ ಹೋಗಿದ್ದಾರೆ. ಅವನು ಕೇಳಿಯಾಗಿತ್ತು. ಈಗ ಕಾಯುತ್ತಿದ್ದ.