ಗಂಗುಬಾಯಿ ನೋಡದ ಲಗ್ನ

ಹುಮನಾಬಾದಿನ ಫೋಟೋ ಸ್ಟುಡಿಯೋ ಒಂದರಲ್ಲಿ ಸಂಬಳಕ್ಕೆ ದುಡಿಯುತ್ತಿದ್ದ ಪ್ರೇಮಕುಮಾರ ತಾನು ಕಂಪ್ಯೂಟರ್ ಬಲ್ಲವನೆಂದು ತಿಳಿದುಕೊಂಡಿದ್ದ. 2007ರ ದಸರೆಯ ಖಂಡೆ ಪೂಜೆಯವರೆಗೆ ಈ ತಿಳಿವಳಿಕೆಗೆ ಯಾವ ತೊಂದರೆಯೂ ಬರಲಿಲ್ಲ.

ಬೇಸಿಗೆಯಲ್ಲಿ ತಂಗಿ ಪೂನಂಳ ಮದುವೆಯಾಗಿತ್ತು. ಫೋಟೋಗಳನ್ನೆಲ್ಲ ತೆಗೆದವನು ಅವನೇ. ಊರವರ ಆಲ್ಬಮ್ಮುಗಳನ್ನು ಹೇಳಿದ ದಿನಕ್ಕೆ ಕೊಡುತ್ತಿದ್ದವನು ಮನೆಯದನ್ನು ಮಾತ್ರ ನಾಳೆ ನಾಡಿದ್ದು ಎಂದು ತಳ್ಳುತ್ತ ಬಂದ. ಫೋಟೋಗಳೇನು ಕಾಲು ಬಂದು ಓಡಿಹೋಗುತ್ತವೆಯೇ, ಕಂಪ್ಯೂಟರಿನ ಹೊಟ್ಟೆಯಲ್ಲಿ ಬೆಚ್ಚಗಿವೆಯಲ್ಲ ಎಂಬ ಧೈರ್ಯ.

ಆಲ್ಬಮ್ಮಿಗಾಗಿ ಪೂನಂಗಿಂತ ಹೆಚ್ಚು ಹಂಬಲಿಸಿದವಳು ಅವಳ ಅತ್ತೆ, ಮುಡಬಿಯ ಗಂಗುಬಾಯಿ. ಅವರದು ಕುರಿ ಸಾಕುವ ಮನೆ. ಮದುವೆ ಇನ್ನೇನು ಬಂತು ಎನ್ನುವಾಗ ಮನೆಯ ಟಗರೇ ಗುದ್ದಿ ಆಕೆಯ ಕಾಲು ಮುರಿಯಿತು. ಮುಹೂರ್ತ ಮುಂದೆ ಹಾಕುವಂತಿರಲಿಲ್ಲ. ಒಬ್ಬನೇ ಮಗ ಅಮೋಘಸಿದ್ದಪ್ಪನ ತಲೆಯ ಮೇಲೆ ನಾಲ್ಕು ಕಾಳು ಅಕ್ಷತೆ ಹಾಕುವುದೂ ಆಗದೆ ಆಕೆ ಹಾಸಿಗೆಯಲ್ಲೇ ಉಳಿದಳು. "ಇದ್ದದ್ದು ಇದ್ದಂಗ ಫೋಟೋದಾಗ ತೋರಸ್ತೀನ್ರಿ ಅತ್ತಿ, ಒಂದೂ ಬಿಡಂಗಿಲ್ಲ" ಎಂದು ಮಾತು ಕೊಟ್ಟವನು ಪ್ರೇಮಕುಮಾರ. ದೀಪಾವಳಿಗೆ ಆಲ್ಬಮ್ ಕೈಯಲ್ಲಿರುತ್ತದೆ ಎಂದೂ ಸೇರಿಸಿದ್ದ. ಮಾತು ಕೊಡುವುದರಲ್ಲಿ ಅವನು ಎಂದೂ ಹಿಂದೆ ಬಿದ್ದದ್ದಿಲ್ಲ.

ಖಂಡೆ ಪೂಜೆಯನ್ನು ಮಾಲೀಕರು ಅವನಿಗೇ ಬಿಟ್ಟಿದ್ದರು. ಕ್ಯಾಮೆರಾಕ್ಕೆ ಕುಂಕುಮ ಹಚ್ಚಿದ, ದೀಪದ ಸ್ಟ್ಯಾಂಡಿಗೆ ಚೆಂಡು ಹೂ ಏರಿಸಿದ. ಅನ್ನ ಕೊಡುವ ಕಂಪ್ಯೂಟರಿನ ಮೇಲಿನ ಡಬ್ಬಿಗಷ್ಟೇ ಪೂಜೆ ಮಾಡಿದರೆ ಅದು ಭಕ್ತಿಯೇ? ಪಕ್ಕದ ತಗಡು ಬಿಚ್ಚಿ, ಒಳಗಿನ ಹಾರ್ಡ್ ಡಿಸ್ಕಿಗೇ ಭಂಡಾರದ ಅರಿಸಿನ ಹಚ್ಚಿ, ಅದರ ಎದುರಿಗೇ ತೆಂಗಿನಕಾಯಿ ಒಡೆದ. ಕಾಯಿಯಲ್ಲಿ ನೀರು ಧಾರಾಳವಾಗಿತ್ತು. ಮರುದಿನ ಸ್ವಿಚ್ ಒತ್ತಿದಾಗ ಚಿಟ್ ಎಂಬ ಒಂದು ಸದ್ದು, ಸುಟ್ಟ ವಾಸನೆ, ಅಷ್ಟೇ.

ರಿಪೇರಿಯವನು ಡಬ್ಬಿಯೊಳಗೆ ಇಣುಕಿ, ಬೆರಳಿನಿಂದ ಮುಟ್ಟಿ ನೋಡಿದ. "ಕಾಯಿ ನೀರು ಕುಡಿಸೀರೇನ್ರಿ ಇದಕ್ಕ?"

"ಸ್ವಲ್ಪ ಸಿಡಿದಿರಬೇಕ್ರಿ."

"ಡಿಸ್ಕ್ ಹೋಗ್ಯಾದ. ಪೂಜಾ ಮಾತ್ರ ಛಲೋ ಮಾಡೀರಿ."

ಒಂದು ಸಿ.ಡಿ.ಗೂ ಹಾಕಿಟ್ಟಿದ್ದೇನಲ್ಲ ಎಂಬುದು ಪ್ರೇಮಕುಮಾರನಿಗೆ ಆಗ ನೆನಪಾಯಿತು. ಡ್ರಾಯರ್ ಎಳೆದ. ಖಾಲಿ. ಆಟೋದ ಮಡೆಪ್ಪ ಪೂಜೆಗೆ ಆಟೋ ಸಿಂಗರಿಸಲು ಹಾಳಾದ ಸಿ.ಡಿ. ಕೇಳಿದ್ದ, ಇವನು ಉದಾರವಾಗಿ ಇದ್ದಬದ್ದ ರಾಶಿಯನ್ನೇ ಎತ್ತಿಕೊಟ್ಟಿದ್ದ. ಓಡಿಹೋಗಿ ನೋಡಿದರೆ ಎಲ್ಲವೂ ದಾರದಲ್ಲಿ ಪೋಣಿಸಿಕೊಂಡು, ಒಂದಕ್ಕೊಂದು ಉಜ್ಜಿ, ಮಾಣಿಕನಗರದ ರಸ್ತೆಯ ಧೂಳು ತಿಂದು ಬೆಳ್ಳಗೆ ಗೀರುಬಿದ್ದಿದ್ದವು.

"ಭಾರಿ ಮಿಂಚಾಕತ್ತಾವ ನೋಡ್ರಿ" ಎಂದ ಮಡೆಪ್ಪ.

ಅಂದು ಸಂಜೆ ಪ್ರೇಮಕುಮಾರ ತಂಗಿಗೆ ಫೋನ್ ಹಚ್ಚಿದ.

"ಅಣ್ಣಾ, ಅತ್ತಿ ಇಲ್ಲೇ ಬಾಜೂಕ ಕುಂತಾರ. ಆಲ್ಬಮ್ ಎಲ್ಲೀತನ ಬಂತಂತ ಕೇಳಾಕತ್ತಾರ."

"ಪೂನಂ, ಫೋಟೋ ಹೋದ್ವು."

"ಎಲ್ಲಿಗಿ?"

ಅವನು ಕಾಯಿ, ಭಂಡಾರ, ಆಟೋ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ಬೈಗುಳಕ್ಕೆ ತಲೆ ಬಗ್ಗಿಸಿ ನಿಂತ. ಪೂನಂ ಬೈಯಲಿಲ್ಲ.

"ನಾಗರ ಪಂಚಮಿಗಿ ಬಂದಾಗ ನಿನ್ನ ಸ್ಟುಡಿಯೋದಾಗ ಕುಂತಿದ್ನಲ್ಲ. ನೀ ಮಿರ್ಚಿ ತಿಂದು ಬರ್ತೀನಂತ ಹೋದಾಂವ ಸಂಜೀತನಕ ಪತ್ತೆ ಇಲ್ಲ. ಅಷ್ಟೂ ಫೋಟೋ ನನ್ನ ಇ-ಮೇಲ್‌ಗಿ ಕಳಿಸ್ಕೊಂಡೀನಿ."

"ಯಾಕ?"

"ನಿನ್ನ ಗುರ್ತು ಇಲ್ಲೇನು ನನಗ?"

ಪ್ರೇಮಕುಮಾರನಿಗೆ ಅವಮಾನಪಡಲು ಪುರುಸೊತ್ತಿರಲಿಲ್ಲ. "ಪಾಸ್‌ವರ್ಡ್ ಹೇಳು, ಈಗೇ ತೆಗೀತೀನಿ."

ಆ ಕಡೆಯ ದನಿ ಸಣ್ಣದಾಯಿತು: "ಹೇಳಾಕ ಬರಂಗಿಲ್ಲ. ಅದು ಮನಿಯವ್ರದು."

ಗಂಡನ ಹೆಸರನ್ನು ಪೂನಂ ಬಾಯಿಬಿಟ್ಟು ಹೇಳಿದ್ದು ಮದುವೆಯ ದಿನ, ಪದ್ಯದೊಳಗೆ ಹೆಸರು ಕಟ್ಟಿ ಒಡಪು ಹಾಕುವಾಗ ಮಾತ್ರ. ಈಗಂತೂ ಅತ್ತೆ ಪಕ್ಕದಲ್ಲೇ ಇದ್ದಾಳೆ. "ಅಮೋಘಸಿದ್ದಪ್ಪಂದಾ? ತಡಿ, ನಾನೇ ಟೈಪ್ ಹೊಡೀತೀನಿ" ಎಂದ ಪ್ರೇಮಕುಮಾರ.

"ಅದಲ್ಲ. ನಾ ಕರಿಯೋದು."

"ಏನಂತ ಕರೀತಿ?"

"ಫೋನ್ ಇಡ್ತೀನ್ ನೋಡು."

ಹಿಂದಿನಿಂದ ಗಂಗುಬಾಯಿಯ ಗಡಸು ಕಂಠ ಕೇಳಿಸಿತು: "ಏನದು, ಹೇಳಾಕ ಬರಲಾರದ್ದು?"

ಕೊನೆಗೆ ಪೂನಂ ಹತ್ತಿರದ ಬಸವಕಲ್ಯಾಣಕ್ಕೆ ಬಂದು ತಾನೇ ಕೈಯಾರೆ ಪಾಸ್‌ವರ್ಡ್ ಒತ್ತಿ ತೆಗೆಯುವುದೆಂದಾಯಿತು. ಲಗ್ನ ನೋಡಲು ತಾನೂ ಬರುತ್ತೇನೆಂದು ಗಂಗುಬಾಯಿ ಹಟ ಹಿಡಿದಳು. ಅತ್ತೆ ಸೊಸೆ ಮುಡಬಿಯಿಂದ ಆಟೋದಲ್ಲಿ ಬಂದರು. ಪ್ರೇಮಕುಮಾರ ಬಸ್ಸಿನಲ್ಲಿ ಬಂದು, ತಾಹೇರಾ ನಡೆಸುತ್ತಿದ್ದ ಇಂಟರ್‌ನೆಟ್ ಅಂಗಡಿಯ ಬಾಗಿಲಲ್ಲಿ ಕಾದಿದ್ದ.

"ಆ ಕಡಿ ಮುಖ ಮಾಡು" ಎಂದಳು ಪೂನಂ. ಅವನು ಗೋಡೆಯ ಕ್ಯಾಲೆಂಡರನ್ನು ಶ್ರದ್ಧೆಯಿಂದ ಓದತೊಡಗಿದ. ಮೊದಲ ಸಲ ತಪ್ಪಾಯಿತು. ಪೂನಂ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಫೋಟೋ ಇನ್ನೊಮ್ಮೆ ಹೋಗಿಬಿಟ್ಟರೆ ಗಂಗುಬಾಯಿಗೆ ಏನು ಹೇಳುವುದು ಎಂದುಕೊಳ್ಳುತ್ತ ಪ್ರೇಮಕುಮಾರ ಅದೇ ತಿಂಗಳನ್ನು ಮತ್ತೆ ಮೊದಲಿನಿಂದ ಓದಿದ.

"ಬಂತು" ಎಂದಳು ಪೂನಂ.

ಫೋಟೋ ಒಮ್ಮೆಲೇ ಬರಲಿಲ್ಲ. ಮೇಲಿನಿಂದ ಗೆರೆ ಗೆರೆಯಾಗಿ ಇಳಿಯಿತು. ಮೊದಲು ಹಂದರದ ತೋರಣ, ಆಮೇಲೆ ಬಾಸಿಂಗ, ಹಣೆಯ ಭಂಡಾರ, ಕಣ್ಣು. ಗಂಗುಬಾಯಿ ಕುರ್ಚಿಯನ್ನು ಮುಂದೆ ಎಳೆದುಕೊಂಡಳು. "ನಮ್ಮಾಂವ" ಎಂದಳು. "ಮೀಸಿ ಯಾಕ ಇಷ್ಟ್ ಸಣ್ಣ ಮಾಡ್ಯಾನ?"

ಪ್ರೇಮಕುಮಾರ ಅಷ್ಟು ದಿನದಿಂದ ಹಿಡಿದಿಟ್ಟಿದ್ದ ಉಸಿರನ್ನು ಕ್ಯಾಲೆಂಡರಿನ ಮೇಲೆ ಬಿಟ್ಟ.

"ಇವು ಇಷ್ಟ್ ದಿನ ಎಲ್ಲಿದ್ವು?" ಗಂಗುಬಾಯಿ ಕೇಳಿದಳು.

"ಎಲ್ಲೋ ದೂರದ ಮಿಷನ್‌ದಾಗ ಇದ್ವು ಅತ್ತಿ" ಎಂದಳು ಪೂನಂ.

"ಯಾರ ಮನ್ಯಾಗ?"

"ಗೊತ್ತಿಲ್ರಿ."

"ಗುರ್ತಿಲ್ಲದವರು ಜ್ವಾಕಿಯಿಂದ ಇಟ್ಟಾರ. ನಿಮ್ಮಣ್ಣ ಕಾಯಿ ಒಡದಾನ."

ತಾಹೇರಾ ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಪ್ರೇಮಕುಮಾರನೂ ನಕ್ಕ, ಇಷ್ಟು ಅಗ್ಗದಲ್ಲಿ ಮುಗಿಯುತ್ತದೆಂದು ಅವನು ಎಣಿಸಿರಲಿಲ್ಲ.

ಅಕ್ಷತೆಯ ಫೋಟೋ ಪೂರ್ತಿ ಇಳಿದ ಮೇಲೆ ಗಂಗುಬಾಯಿ ಸೆರಗಿನ ಗಂಟು ಬಿಚ್ಚಿದಳು. ಅದರಲ್ಲಿ ಅರಿಸಿನ ಹಚ್ಚಿದ ಜೋಳದ ಕಾಳು, ಮನೆಯಿಂದ ಕಟ್ಟಿಕೊಂಡು ಬಂದದ್ದು. ಪ್ರೇಮಕುಮಾರ ಕೀಬೋರ್ಡಿಗೆ ಅಡ್ಡ ಕೈ ಚಾಚುವುದರೊಳಗೆ ಆಕೆ ತೆರೆಯ ಮೇಲಿನ ಮಗನಿಗೆ ನಾಲ್ಕು ಕಾಳು ಹಾಕಿ, ಉಳಿದವನ್ನು ಸೊಸೆಯ ತಲೆಯ ಮೇಲೆ ಸುರಿದಳು.

"ಇರ್ಲಿ ಬಿಡ್ರಿ, ನಾ ಆರಿಸ್ಕೋತೀನಿ" ಎಂದಳು ತಾಹೇರಾ.

ಗಂಗುಬಾಯಿ ಕಣ್ಣೊರೆಸಿಕೊಂಡು, ಕೋಲು ಊರಿ ಎದ್ದು, ಬೀಗರ ಹುಡುಗ ಪ್ರೇಮಕುಮಾರನ ಕಡೆ ತಿರುಗಿದಳು.

"ಲಗ್ನ ಆತು. ಊಟ ಎಲ್ಲಿಟ್ಟೀರಿ?"