ಉಳಿದ ತೊಂಬತ್ತೊಂಬತ್ತು ಕುರಿಗಳು

ಮಧುಗಿರಿಯ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಕನ್ನಡ ಮೇಷ್ಟ್ರಾಗಿದ್ದ ನಾನು ಹುಡುಗರಿಗೆ ಅತಿ ಹೆಚ್ಚು ಸಲ ಹೇಳಿದ ಮಾತು ಸಂಧಿಗೋ ಸಮಾಸಕ್ಕೋ ಸಂಬಂಧಿಸಿದ್ದಲ್ಲ. ‘ನೀನು ಕುರಿ ಕಾಯೋದಕ್ಕೇ ಲಾಯಕ್ಕು ಕಣೋ’ ಎಂಬುದು ಆ ಮಾತು. ಲೆಕ್ಕದ ಮೇಷ್ಟ್ರೂ ಅದನ್ನೇ ಹೇಳುತ್ತಿದ್ದರು, ಡ್ರಿಲ್ ಮೇಷ್ಟ್ರೂ ಅದನ್ನೇ ಹೇಳುತ್ತಿದ್ದರು. ನಮ್ಮಲ್ಲಿ ಒಬ್ಬರೂ ಒಂದು ದಿನವಾದರೂ ಕುರಿ ಕಾದವರಲ್ಲ. ಆ ಕೆಲಸಕ್ಕೆ ಯಾವ ಬುದ್ಧಿಯೂ ಬೇಡ ಎಂದು ಅದು ಹೇಗೋ ತೀರ್ಮಾನ ಮಾಡಿಬಿಟ್ಟಿದ್ದೆವು. ಹೋದ ಕಾರ್ತಿಕದ ಒಂದು ಭಾನುವಾರ ಆ ತೀರ್ಮಾನ ತಲೆಕೆಳಗಾಯಿತು. ಅದಕ್ಕೆ ಕಾರಣ ಬೈಬಲ್ಲಿನ ಒಂದು ಕಥೆ ಎಂದರೆ ನೀವು ನಗುತ್ತೀರಿ. ನಗಿ, ಆದರೆ ಸ್ವಲ್ಪ ಕೂತು ಕೇಳಿ.

ನಿವೃತ್ತನಾದ ಮೇಲೆ ತೋವಿನಕೆರೆ ಹತ್ತಿರದ ನಮ್ಮೂರಿಗೆ ಬಂದು ಸೇರಿಕೊಂಡೆ. ಅಲ್ಲಿ ನನಗೆ ಸಿಕ್ಕ ಗೆಳೆಯರು ಇಬ್ಬರು. ಒಬ್ಬ ಸಾಮಪ್ಪ. ಪಾವಗಡದ ಕಡೆಯವನು, ಪಶು ಆಸ್ಪತ್ರೆಯ ಕಾಂಪೌಂಡರ್ ಆಗಿ ಇಲ್ಲಿಗೆ ಬಂದು ಇಲ್ಲೇ ಮನೆ ಕಟ್ಟಿಕೊಂಡವನು. ಸ್ಯಾಮುಯೆಲ್ ಎಂಬ ಅವನ ಹೆಸರನ್ನು ಊರು ಮೊದಲ ವಾರದಲ್ಲೇ ಸಾಮಪ್ಪ ಮಾಡಿ ಮುಗಿಸಿತ್ತು. ಇನ್ನೊಬ್ಬ ಸಣ್ಣೀರಪ್ಪ, ನಲವತ್ತು ಚಿಲ್ಲರೆ ಕುರಿಗಳ ಯಜಮಾನ. ಭಾನುವಾರ ಸಾಮಪ್ಪ ಪ್ರಾರ್ಥನೆ ಮುಗಿಸಿ, ಊಟ ಮಾಡಿ, ಊರಾಚೆಯ ಹುಣಸೆಮರದ ಬುಡಕ್ಕೆ ಬರುತ್ತಾನೆ. ಸಣ್ಣೀರಪ್ಪನ ಕುರಿಗಳು ಆ ಬಿಸಿಲುಹೊತ್ತಿನಲ್ಲಿ ಅಲ್ಲಿ ಒಂದರ ಹೊಟ್ಟೆಯಡಿ ಇನ್ನೊಂದು ತಲೆ ತೂರಿಸಿಕೊಂಡು ನಿಂತಿರುತ್ತವೆ. ನಾನೂ ಕೊಡೆ ಹಿಡಿದುಕೊಂಡು ಹೋಗುತ್ತೇನೆ. ಬೆಳಗ್ಗೆ ಕೇಳಿ ಬಂದ ಕಥೆಯನ್ನು ಸಾಮಪ್ಪ ಹೇಳುತ್ತಾನೆ, ಅದರಿಂದ ನಮ್ಮ ಬಾಳಿಗೇನು ಪ್ರಯೋಜನ ಎಂದು ಮೂವರೂ ಹಿಂಜಲು ಕೂರುತ್ತೇವೆ.

ನನಗೆ ಕಥೆ ಎಂದರೆ ಕಥೆ. ಅದಕ್ಕೊಂದು ರೂಪಕ, ಒಂದು ಧ್ವನಿ, ಕೊನೆಗೊಂದು ನೀತಿ. ಸಣ್ಣೀರಪ್ಪನಿಗೆ ಹಾಗಲ್ಲ, ಅದು ಪಕ್ಕದೂರಿನ ಸುದ್ದಿ. ಬಿತ್ತುವವನೊಬ್ಬನ ಬೀಜ ದಾರಿಯ ಮೇಲೊಂದಿಷ್ಟು, ಬಂಡೆಯ ಮೇಲೊಂದಿಷ್ಟು, ಮುಳ್ಳಿನಲ್ಲೊಂದಿಷ್ಟು ಬಿದ್ದ ಕಥೆ ಕೇಳಿ ಅವನು ಬಹಳ ಬೇಜಾರು ಮಾಡಿಕೊಂಡಿದ್ದ. “ಅವ್ನು ಬಿತ್ತಕ್ಕೆ ಬಂದಿದ್ನಾ, ಚೆಲ್ಲಕ್ಕೆ ಬಂದಿದ್ನಾ ಸಾಮಣ್ಣ? ಮನ್ಯಾಗೆ ಬಿತ್ತೋ ಕೂರಿಗೆ ಇರ್ಲಿಲ್ವಾ?” ಎಂದು ಕೇಳಿದ. ಬೀಜವೆಂದರೆ ದೇವರ ವಾಕ್ಯ ಎಂದು ಸಾಮಪ್ಪ ಬಿಡಿಸಿ ಹೇಳಿದ. “ಅಂಗಾದ್ರೆ ಇನ್ನೂ ಉಷಾರಾಗಿ ಬಿತ್ಬೇಕಾಗಿತ್ತು” ಎಂದ ಸಣ್ಣೀರಪ್ಪ. ಸಾಮಪ್ಪ ಅವತ್ತು ಎರಡು ಸಲ ನಶ್ಯ ಏರಿಸಿದ.

ಇಂಥವನ ಮುಂದೆ ಸಾಮಪ್ಪ ಒಂದು ಭಾನುವಾರ ಧೈರ್ಯ ಮಾಡಿ ಕುರಿಯ ಕಥೆಯನ್ನೇ ತೆಗೆದ. ಒಬ್ಬನಿಗೆ ನೂರು ಕುರಿ. ಒಂದು ತಪ್ಪಿಸಿಕೊಂಡಿತು. ಅವನು ತೊಂಬತ್ತೊಂಬತ್ತನ್ನು ಅಡವಿಯಲ್ಲೇ ಬಿಟ್ಟು ಆ ಒಂದನ್ನು ಹುಡುಕಿಕೊಂಡು ಹೊರಟ. ಕಥೆ ಇಲ್ಲಿಯವರೆಗೆ ಬಂದಿತ್ತಷ್ಟೆ, ಸಣ್ಣೀರಪ್ಪ ಎದ್ದು ನಿಂತ.

“ಯಾವೂರೋನಪ್ಪ ಆ ಪುಣ್ಯಾತ್ಮ? ತೊಂಬತ್ತೊಂಬತ್ತನ್ನ ಅಡವ್ಯಾಗೆ ಬುಟ್ಬುಟ್ಟು ಒಂದರ ಹಿಂದೆ ಹೋದ್ನಾ? ಮಿಕ್ಕಿದ್ದಕ್ಕೆ ತೋಳ ಬಿದ್ರೆ ಯಾರು ಜವಾಬ್ದಾರಿ? ಕುರಿ ಮಡಗಿರೋ ಯಾವನ್ನಾದ್ರೂ ಕೇಳು, ಇಂಗೆ ಮಾಡಾಕಿಲ್ಲ!”

“ಅದು ಪ್ರೀತಿ ಕಣಪ್ಪಾ, ಪ್ರೀತಿ ಲೆಕ್ಕ ಹಾಕಲ್ಲ” ಎಂದು ಸಾಮಪ್ಪ ಅಂಗಲಾಚಿದ. “ಪ್ರೀತಿ ಅಲ್ಲ, ಬೇಜವಾಬ್ದಾರಿ” ಎಂದು ಸಣ್ಣೀರಪ್ಪ ಕುರಿ ಹೊಡೆದುಕೊಂಡು ಹೊರಟೇಬಿಟ್ಟ. ಕಥೆಯ ಮುಕ್ಕಾಲು ಭಾಗ ಸಾಮಪ್ಪನ ಬಾಯಲ್ಲೇ ಉಳಿಯಿತು.

ಆವತ್ತು ಮನೆಗೆ ನಡೆದು ಬರುವಾಗ ನಾನೂ ಸ್ವಲ್ಪ ಕಸಿವಿಸಿಗೊಂಡೆ. ನಾನು ಮೇಷ್ಟ್ರಾಗಿ ಸಣ್ಣೀರಪ್ಪನ ಪಕ್ಷದವನೇ ಆಗಿದ್ದೆ. ತರಗತಿಗೆ ವಾರಗಟ್ಟಲೆ ಬಾರದ ಹುಡುಗನ ಹೆಸರಿನ ಮೇಲೆ ಕೆಂಪು ಗೆರೆ ಎಳೆದು, ಉಳಿದವರಿಗೆ ಪಾಠ ಮುಂದುವರಿಸುತ್ತಿದ್ದೆ. ಹುಡುಕಿಕೊಂಡು ಹೋದದ್ದು ನೆನಪಿಲ್ಲ. ಉಳಿದವರ ಗತಿಯೇನು ಎಂಬುದು ಬಹಳ ಅನುಕೂಲವಾದ ಪ್ರಶ್ನೆ, ಅದನ್ನು ಕೇಳಿಕೊಂಡರೆ ಬಿಸಿಲಲ್ಲಿ ಅಲೆಯುವುದು ತಪ್ಪುತ್ತದೆ.

ಎರಡು ವಾರ ಕಳೆಯಿತು. ಮತ್ತೆ ಭಾನುವಾರ, ಮತ್ತೆ ಹುಣಸೆಮರ. ಮಂದೆ ಬಂಡೆಗುಟ್ಟೆ ಎಂಬ ಗುಡ್ಡದ ಕಡೆಯಿಂದ ಇಳಿದು ಬಂದು ಮರದಡಿ ಸೇರಿತ್ತು. ಸಾಮಪ್ಪ ಜಾಣನಾಗಿ ಕುರಿ, ಬೀಜ ಎರಡೂ ಇಲ್ಲದ ಕಥೆ ಹುಡುಕಿ ತಂದಿದ್ದ. ಸಣ್ಣೀರಪ್ಪ ಎಲೆಯಡಿಕೆ ಬಾಯಿಗಿಟ್ಟವನು ಮಂದೆಯ ಕಡೆ ಒಂದು ಸಲ ಕಣ್ಣು ಹಾಯಿಸಿ, “ಕೆಂಪಿ ಎಲ್ಲಿ?” ಎಂದ.

ಅವನು ಎಣಿಸಲಿಲ್ಲ. ಅವನು ಎಂದೂ ಎಣಿಸುವುದಿಲ್ಲ, ಎಣಿಸಿದರೆ ದೃಷ್ಟಿಯಾಗುತ್ತದಂತೆ. ಒಂದು ಮುಖ ಇಲ್ಲ ಎಂಬುದು ಅವನಿಗೆ ನೋಡಿದ ಕೂಡಲೇ ತಿಳಿಯಿತು. ಕೆಂಪಿ ತುಂಬಿದ ಗಬ್ಬದ ಕುರಿ, ಮೊದಲನೇ ಸೂಲು. ತಾಯಿ ಸತ್ತ ಮರಿಯಾಗಿದ್ದ ಅದನ್ನು ಅವನ ಹೆಂಡತಿ ಬಾಟಲಿ ಹಾಲು ಕುಡಿಸಿ, ತನ್ನ ಮಗ್ಗುಲಲ್ಲೇ ಮಲಗಿಸಿಕೊಂಡು ಸಾಕಿದ್ದಳು. ಗುಟ್ಟೆಯ ಆಚೆ ಚಿರತೆ ನಾಯಿಯೊಂದನ್ನು ಎತ್ತಿಕೊಂಡು ಹೋಗಿ ಎಂಟು ದಿನ ಆಗಿರಲಿಲ್ಲ. ಸಣ್ಣೀರಪ್ಪನ ಮುಖ ಕಪ್ಪಿಟ್ಟಿತು. ಕೈಯಲ್ಲಿದ್ದ ಕೋಲನ್ನು ನನ್ನ ಕೈಗೆ ತುರುಕಿ, “ಮೇಷ್ಟ್ರೇ, ಇವನ್ನ ವಸಿ ನೋಡ್ಕಳಿ” ಎಂದವನೇ ಕಂಬಳಿ ಹೆಗಲಿಗೆಸೆದು ಗುಟ್ಟೆಯ ಕಡೆ ಓಡಿದ. ನಾಯಿಯೂ ಅವನ ಹಿಂದೆಯೇ ಓಡಿತು. ಅದಾದರೂ ಇರಬಾರದಿತ್ತೇ!

ಮೊದಲ ಹತ್ತು ನಿಮಿಷ ಕುರಿಗಳಿಗೆ ವಿಷಯ ಗೊತ್ತಿರಲಿಲ್ಲ. ಆಮೇಲೆ ಒಂದು ಟಗರು ತಲೆಯೆತ್ತಿ ನನ್ನನ್ನು ನೋಡಿತು. ಹೊಸ ಮೇಷ್ಟ್ರನ್ನು ಹಿಂದಿನ ಬೆಂಚಿನ ಹುಡುಗರು ನೋಡುವ ನೋಟ ಅದು, ನನಗೆ ಚೆನ್ನಾಗಿ ಪರಿಚಯ. ಅದು ನಡೆಯಿತು, ಎಲ್ಲವೂ ಹಿಂದೆ ನಡೆದವು, ನೇರ ಪಕ್ಕದ ರಾಗಿ ಹೊಲಕ್ಕೆ. ನಾನು ಕೊಡೆ ಬಿಚ್ಚಿ ಅಡ್ಡ ನಿಂತೆ. ಅವು ಬೆದರಿ ಎರಡು ಪಾಲಾದವು. ‘ಸೈಲೆನ್ಸ್!’ ಎಂದು ಕೂಗಿಬಿಟ್ಟೆ. ಬಾಯಿಗೆ ಬಂದದ್ದು ಅದೊಂದೇ. ಸಾಮಪ್ಪ ಪಂಚೆ ಎತ್ತಿ ಕಟ್ಟಿ, ಪ್ರಾರ್ಥನೆಗೆ ಹಾಕಿದ್ದ ಬಿಳಿ ಅಂಗಿಯಲ್ಲೇ ಆಚೆ ಪಾಲಿನ ಹಿಂದೆ ಓಡಿದ. ಸಾವಿರಾರು ಕುರಿಗಳಿಗೆ ಚುಚ್ಚುಮದ್ದು ಹಾಕಿದ ಕೈ ಅವನದು, ಹಾಗಾಗಿ ಅವನನ್ನು ಕಂಡ ಕೂಡಲೇ ಅವು ಇನ್ನೂ ಜೋರಾಗಿ ಓಡಿದವು.

ಹೊಲದೊಡತಿ ಗಂಗಮ್ಮ ಕುಡುಗೋಲು ಹಿಡಿದೇ ಬಂದಳು. “ಏನ್ ಮೇಷ್ಟ್ರೇ, ಈ ವಯಸ್ನಾಗೆ ಕುರಿ ಕಾಯಕ್ಕೆ ಬಂದ್ರಾ? ನಮ್ ಹುಡ್ಗನ್ಗೆ ದಿನಾ ಕುರಿ ಕಾಯಕ್ಕೋಗು ಅಂತಿದ್ರಲ್ಲ!” ಎಂದಳು. ಅವಳ ಮಗ ಮಧುಗಿರಿಗೆ ಬಂದು ಓದಿದ ನನ್ನ ಹಳೆಯ ವಿದ್ಯಾರ್ಥಿ. “ಇದಕ್ಕೂ ನಾನು ಲಾಯಕ್ಕಿಲ್ಲ ಕಣಮ್ಮ” ಎಂದೆ. ನನ್ನ ಬೆವರು ನೋಡಿ ಅವಳಿಗೇ ಪಾಪ ಅನ್ನಿಸಿರಬೇಕು. ನಾಲಿಗೆ ಮಡಚಿ ಅದೇನೋ ಒಂದು ಸದ್ದು ಮಾಡಿದಳು, ಟಗರು ಸುಮ್ಮನೆ ತಿರುಗಿತು, ಎಲ್ಲವೂ ತಿರುಗಿದವು.

ಮರದಡಿ ಬಂದ ಮೇಲೆ ಎಣಿಸತೊಡಗಿದೆ. ದೃಷ್ಟಿಯಾದರೆ ಆಗಲಿ ಎಂದು ಎಣಿಸಿದೆ. ಒಂದು ಸಲ ನಲವತ್ತೊಂದು, ಒಂದು ಸಲ ನಲವತ್ನಾಲ್ಕು. ಮೂವತ್ತು ವರ್ಷ ಹಾಜರಿ ಕರೆದವನಿಗೆ ಹಾಜರಿ ಹೇಳದ ತರಗತಿ ಅದೇ ಮೊದಲು. ಹೊತ್ತು ಇಳಿಯುತ್ತಿತ್ತು. ಎಲ್ಲಿ ಎಲೆ ಅಲುಗಿದರೂ ನನಗೆ ಚಿರತೆಯೇ ಕಾಣುತ್ತಿತ್ತು. ಸಣ್ಣೀರಪ್ಪನ ಇಡೀ ಬದುಕು ನಮ್ಮಿಬ್ಬರು ಮುದುಕರ ಕೈಯಲ್ಲಿ ನಿಂತು ಮೆಲುಕು ಹಾಕುತ್ತಿದೆ ಎನ್ನಿಸಿತು. ಸಾಮಪ್ಪ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದ. ಕಳೆದ ಕೆಂಪಿಗಾಗಿ ಪ್ರಾರ್ಥನೆಯೇ ಎಂದು ಕೇಳಿದೆ. “ಇಲ್ಲ ಮೇಷ್ಟ್ರೇ, ಇವು ಕದಲದೇ ಇರ್ಲಿ ಅಂತ” ಎಂದ.

ಬಿಸಿಲು ಕೆಂಪಗಾಗುವ ಹೊತ್ತಿಗೆ ಗುಟ್ಟೆಯ ಕಡೆಯಿಂದ ಬೈಗುಳ ಕೇಳಿಸಿತು. ಅಷ್ಟು ಇಂಪಾದ ಬೈಗುಳವನ್ನು ನಾನು ಕೇಳಿಲ್ಲ. “ನಿನ್ ಮನೆ ಹಾಳಾಗ, ಬಂಡೆ ಸಂದ್ನಾಗೇ ಆಗ್ಬೇಕಾಗಿತ್ತಾ ನಿನ್ ಬಾಣಂತನ? ನಿಮ್ಮವ್ವ ಮನ್ಯಾಗೆ ಊಟ ಬುಟ್ಟು ಕುಂತ್ಕತಿದ್ಲು ಕಣೇ!” ಸಣ್ಣೀರಪ್ಪ ಬರುತ್ತಿದ್ದ. ಕಂಬಳಿಯೊಳಗೆ ಒದ್ದೆ ಮರಿ, ಹಿಂದೆ ಅದನ್ನು ಮೂಸುತ್ತ ಕೆಂಪಿ. ಅವನು ನಮ್ಮ ಹತ್ತಿರ ಬಂದು ಮಂದೆಯ ಮೇಲೆ ಒಂದೇ ಸಲ ಕಣ್ಣಾಡಿಸಿ, “ಎಲ್ಲಾ ಅವೆ” ಎಂದ. ಅಬ್ಬಾ! ನನಗೆ ಕಣ್ಣಲ್ಲಿ ನೀರೇ ಬಂತು. ಕೋಲನ್ನು ಅವನ ಕೈಗೆ ಕೊಟ್ಟು ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನವೂ ನನ್ನ ಮನಸ್ಸು ಅಷ್ಟು ಹಗುರಾಗಿರಲಿಲ್ಲ.

“ಅಲ್ಲಯ್ಯಾ, ಎಲ್ಲವನ್ನೂ ಬಿಟ್ಟು ಒಂದರ ಹಿಂದೆ ಹೋದೆಯಲ್ಲ” ಎಂದು ಕೇಳಿದೆ. “ನೀವು ಇದ್ರಲ್ಲ” ಎಂದ, ಅದೊಂದು ದೊಡ್ಡ ವಿಷಯವೇ ಅಲ್ಲ ಎಂಬಂತೆ.

ಸಾಮಪ್ಪ ಇದೇ ಸಮಯ ಎಂದು ಅಂದು ಬಾಯಲ್ಲೇ ಉಳಿದಿದ್ದ ಮುಕ್ಕಾಲು ಕಥೆಯನ್ನು ಮುಗಿಸಿದ. ಆ ಮನುಷ್ಯ ಕುರಿಯನ್ನು ಕಂಡುಹಿಡಿದು ಮನೆಗೆ ತಂದನಂತೆ. ಸ್ನೇಹಿತರನ್ನೂ ನೆರೆಯವರನ್ನೂ ಕರೆದು, ಕಳೆದದ್ದು ಸಿಕ್ಕಿತು, ನನ್ನ ಜೊತೆ ನೀವೂ ಸಂತೋಷಪಡಿ ಎಂದನಂತೆ. ಸಿಕ್ಕಿದ್ದು ಅವನ ಕುರಿ, ಸ್ನೇಹಿತರಿಗೆ ಯಾಕಪ್ಪ ಅಷ್ಟು ಸಂತೋಷ ಎಂಬುದಕ್ಕೆ ಪಂಡಿತರು ಬಹಳ ವ್ಯಾಖ್ಯಾನ ಬರೆದಿದ್ದಾರಂತೆ. ಅವರಲ್ಲಿ ಯಾರೂ ಕುರಿ ಕಾದವರಲ್ಲ ಎಂದು ಕಾಣುತ್ತದೆ. ಅವನು ಹುಡುಕಿಕೊಂಡು ಹೋದಾಗ ಉಳಿದ ತೊಂಬತ್ತೊಂಬತ್ತು ಯಾರ ಕೈಯಲ್ಲಿದ್ದವು ಎಂಬುದು ನನಗೆ ಗೊತ್ತು. ಆ ಸ್ನೇಹಿತರು ಕುಣಿದಾಡಿದ್ದು ಅವನಿಗೆ ಒಂದು ಸಿಕ್ಕಿದ್ದಕ್ಕಲ್ಲ, ತೊಂಬತ್ತೊಂಬತ್ತನ್ನೂ ಅವನಿಗೆ ತಿರುಗಿ ಒಪ್ಪಿಸಿದ್ದಕ್ಕೆ.